ಟೇಪು ಮೊದಲೇ ಹೇಳಿತ್ತು

ಈ ಸೋಮವಾರಕ್ಕೆ ನಾನು ಕುಡಿತ ಬಿಟ್ಟು ಎರಡು ವರ್ಷ. ಒಬ್ಬೊಬ್ಬರ ಮನೆಗೂ ಹೋಗಿ ಹೇಳಲು ಆಗಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯಲ್ಲಿ ಟೈಲರ್. ಇಪ್ಪತ್ತು ವರ್ಷ ಊರವರ ಸೊಂಟ ಅಳೆದವನು. ಆಗ ನನ್ನ ಪ್ಯಾಂಟನ್ನೇ ಒಂದು ವರ್ಷದಲ್ಲಿ ಮೂರು ಸಲ ಬಿಚ್ಚಿ ಸಡಿಲ ಮಾಡಿಕೊಂಡೆ. ಅದೇ ಹೊತ್ತಿಗೆ ಶರ್ಟಿನ ಭುಜ ಜೋತು ಬೀಳುತ್ತಿತ್ತು. ಗಿರಾಕಿಯ ಅಳತೆ ಹೀಗಿದ್ದಿದ್ದರೆ ಏನೋ ಸರಿ ಇಲ್ಲ ಅಂತ ಹೊಳೆಯುತ್ತಿತ್ತು. ನನ್ನದು, ಹಾಗಾಗಿ ಬೊಜ್ಜು ಅಂದುಕೊಂಡೆ. ಬೊಜ್ಜಲ್ಲ, ಹೊಟ್ಟೆಯಲ್ಲಿ ನೀರು. ಲಿವರ್ ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗೋ ಕಾಯಿಲೆ.

ಹಟಕ್ಕೆ ಬಿದ್ದು ಮನೆಯಲ್ಲೇ ಒಮ್ಮೆಲೇ ಕುಡಿತ ನಿಲ್ಲಿಸಿದೆ. ಎರಡನೇ ದಿನ ಫಿಟ್ಸ್ ಬಂತು. ದಿನಾ ಕುಡಿಯೋರು ಡಾಕ್ಟರನ್ನು ಕೇಳದೆ ಹೀಗೆ ನಿಲ್ಲಿಸಬಾರದಂತೆ, ನನಗೆಲ್ಲಿ ಗೊತ್ತಿತ್ತು? ಅವತ್ತು ರಾತ್ರಿ ಆಟೋ ತೆಗೆದ ಎದುರು ಮನೆ ಅಣ್ಣನಿಗೆ ಮೊದಲ ನಮಸ್ಕಾರ.

ಆಸ್ಪತ್ರೆಯಲ್ಲಿ ಸೂಜಿ ಹಾಕಿ ಆರು ಲೀಟರ್ ನೀರು ತೆಗೆದರು. ಅಷ್ಟು ತೆಗೆದರೆ ಕಿಡ್ನಿಗೆ ಪೆಟ್ಟು ಬೀಳದ ಹಾಗೆ ಅಲ್ಬುಮಿನ್ ಅನ್ನೋ ರಕ್ತದ ಪ್ರೋಟೀನ್ ಏರಿಸಬೇಕು, ಅದರ ಬಾಟಲಿಗೆ ಸಾವಿರಾರು ರೂಪಾಯಿ. ಬಾಮೈದ ಬೈಕ್ ಮಾರಿ ತಂದ. ಕುಡಿದು ಅವನನ್ನು ಬೈದದ್ದಕ್ಕೆ ಲೆಕ್ಕ ಇಲ್ಲ.

ಮನೆಗೆ ಬಂದ ಮೇಲೆ ಉಪ್ಪು ಬಂದ್. ಮಂಡಕ್ಕಿ ಮಿರ್ಚಿ ಬಿಟ್ಟು ದಾವಣಗೆರೆಯಲ್ಲಿ ಬದುಕೋದು ಸುಮ್ನೆ ಅಲ್ಲ! ನನ್ನ ಹೆಂಡತಿ ತನಗೂ ಸಪ್ಪೆ ಸಾರೇ ಬಡಿಸಿಕೊಂಡಳು. ರಾತ್ರಿ ಬರಿಹೊಟ್ಟೆಯಲ್ಲಿ ಮಲಗಿದರೆ ಮೈಯ ಮಾಂಸ ಕರಗುತ್ತೆ ಅಂತ ಡಾಕ್ಟರ್ ಹೇಳಿದ್ದರು. ಅದಕ್ಕೆ ಹತ್ತು ಗಂಟೆಗೆ ಎಬ್ಬಿಸಿ ರಾಗಿ ಗಂಜಿ ಕುಡಿಸುತ್ತಿದ್ದಳು. ಈಗಲೂ ಕುಡಿಸುತ್ತಾಳೆ.

ನನಗೆ ಹಗಲು ನಿದ್ದೆ, ರಾತ್ರಿ ಎಚ್ಚರ ಶುರುವಾದಾಗ ಕಂಡುಹಿಡಿದದ್ದು ಮಗಳು. ಅಳತೆ ಪುಸ್ತಕದಲ್ಲಿ ನನ್ನ ಅಕ್ಷರ ಕಾಗೆ ಕಾಲಿನಂತಾಗಿತ್ತು, ಒಬ್ಬರ ತೋಳು 24 ಇಂಚಿನ ಬದಲು 42 ಅಂತ ಬರೆದಿದ್ದೆ. ಅವಳು ಆ ಪುಟವನ್ನೇ ಡಾಕ್ಟರಿಗೆ ತೋರಿಸಿದಳು. ಲಿವರ್ ತೆಗೆಯದ ವಿಷ ಮಿದುಳಿಗೆ ಹೋಗುತ್ತಿದೆ ಅಂದರು. ಆ ವಿಷವನ್ನು ಮಲದಲ್ಲಿ ಹೊರಹಾಕಿಸೋ ಲ್ಯಾಕ್ಟುಲೋಸ್ ಸಿರಪ್ ಶುರುವಾಯಿತು. ದಿನಕ್ಕೆ ಎರಡು ಮೂರು ಸಲ ಹೊರಗೆ ಹೋಗಲೇಬೇಕು, ಅದನ್ನೂ ಅವಳೇ ಕೇಳಿ ಬರೆದಿಡುತ್ತಿದ್ದಳು. ಅಪ್ಪನಾಗಿ ನಾಚಿಕೆಯಾಗುತ್ತಿತ್ತು.

ಲಿವರ್ ಮತ್ತೆ ಹೊಸದಾಗಲ್ಲ. ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಇದ್ದೇ ಇದೆ. ಆದರೆ ನೀರು ಮತ್ತೆ ತುಂಬಿಲ್ಲ.

ಬಟ್ಟೆ ಕೊಟ್ಟು ವಾಪಸ್ ಕೇಳದೆ ಕಾದವರೆಲ್ಲರಿಗೂ ಕೈ ಮುಗಿಯುತ್ತೇನೆ. ಮಗನ ಮದುವೆಗೆಂದು ಸಫಾರಿ ಬಟ್ಟೆ ಕೊಟ್ಟಿದ್ದ ಮೇಷ್ಟ್ರೇ, ಮದುವೆ ಮುಗಿದು ಮೊಮ್ಮಗು ಬಂತಂತೆ. ಬಟ್ಟೆ ಕತ್ತರಿಸಿ ಇಟ್ಟಿದ್ದೇನೆ. ಗುರುವಾರ ಟ್ರಯಲ್‌ಗೆ ಬನ್ನಿ.