ನಿನ್ನ ಡ್ಯೂಟಿ ಮಧ್ಯಾಹ್ನವೇ ಶುರು ಕಣೋ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ನೀನು ಫೋನ್ ಮಾಡಿ ಸ್ಲೀಪರ್ ಕೋಚ್ ಕೆಲಸ ಸಿಕ್ಕಿತು ಅಂದಾಗ ನನಗೆ ನಿಜಕ್ಕೂ ಖುಷಿಯಾಯಿತು. ಇಷ್ಟು ವರ್ಷ ಹಗಲು ಸ್ಕೂಲ್ ಬಸ್ ಓಡಿಸಿದವನಿಗೆ ಈಗ ಬೆಂಗಳೂರು–ಬೆಳಗಾವಿ ರಾತ್ರಿ ರೂಟ್. ಸಂಬಳದ ಮೇಲೆ ಟ್ರಿಪ್ಪಿಗಿಷ್ಟು ಅಂತ ಬಾಟಾ, ಮಗಳ ಫೀಸಿನ ಚಿಂತೆ ಸ್ವಲ್ಪ ಇಳಿಯುತ್ತದೆ. ಆದರೆ ನಿದ್ದೆಗೆ ಏನು ಮಾಡ್ತೀಯ ಅಂತ ನಾನು ಕೇಳಿದ್ದಕ್ಕೆ ನೀನು ಹೇಳಿದ ಮಾತು ಆವತ್ತಿನಿಂದ ತಲೆಯಲ್ಲೇ ಕೂತಿದೆ. "ರಾತ್ರಿಯೆಲ್ಲ ಬಯಲಾಟ ನೋಡಿ ಬೆಳಗ್ಗೆ ಎತ್ತು ಹೊಡ್ಕೊಂಡು ಹೊಲಕ್ಕೆ ಹೋದವ್ರು ನಾವು, ನಿದ್ದೆ ಏನ್ ಮಾಡುತ್ತೆ ಬಿಡೋ" ಅಂದೆ. ಫೋನಿನಲ್ಲಿ ನನಗೆ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಈ ಪತ್ರ. ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಹಾಗೆ ಹೊಸದಾಗಿ ರಾತ್ರಿ ಬಸ್ಸಿಗೆ ಬರುವವರು ತುಂಬ ಜನ ಇದ್ದಾರೆ, ಹಿಂದೆ ಬರ್ತಿನಲ್ಲಿ ಮಲಗುವವರೂ ಇದನ್ನು ಓದಲಿ.

ಬಯಲಾಟದಲ್ಲಿ ತೂಕಡಿಸಿದರೆ ಪಕ್ಕದವನ ಹೆಗಲು ಸಿಗುತ್ತಿತ್ತು ಅಲ್ವಾ? ಮದ್ದಳೆ ಜೋರಾದಾಗ ಎಚ್ಚರ, ಇಳಿದಾಗ ಮತ್ತೆ ನಿದ್ದೆ. ಎಷ್ಟು ಸಲ ಹೋಗಿ ಬಂದೆವೋ ನಮಗೇ ಗೊತ್ತಿರಲಿಲ್ಲ. ಸ್ಟೀರಿಂಗ್ ಹಿಂದೆ ಆಗುವುದೂ ಅದೇ.

ನಾನು ಇದುವರೆಗೆ ಯಾರಿಗೂ ಹೇಳದ ವಿಷಯ ಒಂದಿದೆ. ನಾನೂ ಇದೇ ಬೆಂಗಳೂರು–ಬೆಳಗಾವಿ ರೂಟಿನಲ್ಲಿ ರಾತ್ರಿ ಬಸ್ಸು ಓಡಿಸುತ್ತಿದ್ದೆನಲ್ಲ, ಅದು ನನ್ನ ನಾಲ್ಕನೇ ವರ್ಷ. ಸತತ ಮೂರನೇ ರಾತ್ರಿ. ಹಗಲು ಅತ್ತೆ ಮಗಳ ಗೃಹಪ್ರವೇಶ, ಮಲಗಿದ್ದು ಎರಡು ಗಂಟೆ ಇರಬಹುದು. ಜೊತೆಯ ಡ್ರೈವರ್ ರಜೆ ಹಾಕಿದ್ದ, ಮಾಲೀಕರು ಇವತ್ತೊಂದು ದಿನ ಸಿಂಗಲ್ ಹೊಡೆದುಬಿಡು ಅಂದರು, ನಾನೂ ಹೂಂ ಅಂದೆ. ಹಿರಿಯೂರು ದಾಟಿದ್ದು ನೆನಪಿದೆ. ಆಮೇಲೆ ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪ ಕಂಡದ್ದು ನೆನಪಿದೆ. ನಡುವೆ ಏನೂ ಇಲ್ಲ. ನಡುವೆ ಒಂದು ಟೋಲ್ ಇದೆ ಕಣೋ. ಅಲ್ಲಿ ನಿಲ್ಲಿಸಿದ್ದೇನೆ, ದುಡ್ಡು ಕೊಟ್ಟಿದ್ದೇನೆ, ಚೀಟಿ ಡ್ಯಾಶ್‌ಬೋರ್ಡ್ ಮೇಲೆ ಬಿದ್ದಿತ್ತು. ನನಗೆ ನೆನಪಿಲ್ಲ. ಕೆಂಪು ದೀಪ ಕಂಡದ್ದು ಯಾಕೆಂದರೆ ಎಡಗಡೆ ಚಕ್ರ ಡಾಂಬರು ಬಿಟ್ಟು ಜಲ್ಲಿಗೆ ಇಳಿದು ಬಸ್ಸು ಗಡಗಡ ಅಂದಿತು, ಕ್ಲೀನರ್ ಹುಡುಗ "ಅಣ್ಣಾ" ಅಂತ ಕಿರುಚಿದ. ಹೇಗೋ ಮೆಲ್ಲಗೆ ಮೇಲೆ ಹತ್ತಿಸಿದೆ. ಹಿಂದೆ ಮೂವತ್ತು ಜನ. ಒಬ್ಬರಿಗೂ ಎಚ್ಚರವಾಗಲಿಲ್ಲ. ಬೆಳಗ್ಗೆ ಬೆಳಗಾವಿಯಲ್ಲಿ ಇಳಿಯುವಾಗ ಒಬ್ಬರು ಅಜ್ಜಿ ನನ್ನ ಕೈ ಹಿಡಿದು "ಚಲೋ ನಿದ್ದಿ ಬಂತು ನೋಡಪ್ಪಾ, ದೇವರು ನಿನ್ನ ಚಲೋ ಇಟ್ಟಿರಲಿ" ಅಂದರು. ಆ ಮಾತನ್ನು ನಾನು ಇವತ್ತಿಗೂ ನುಂಗಿಕೊಳ್ಳಲು ಆಗಿಲ್ಲ.

ನಿದ್ದೆ ಬರುತ್ತಿದೆ ಅಂತ ಗೊತ್ತಾಗುತ್ತದೆ, ಆದರೆ ನಿದ್ದೆ ಬಂತು ಅಂತ ಗೊತ್ತಾಗುವುದಿಲ್ಲ. ಕಣ್ಣು ತೆರೆದೇ ಇರಬಹುದು, ಮಿದುಳು ಮಾತ್ರ ಮೂರು ನಾಲ್ಕು ಸೆಕೆಂಡು ಆಫ್ ಆಗಿರುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬಸ್ಸು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಐದು ಸೆಕೆಂಡು ಹೋದರೆ 110 ಮೀಟರ್, ಬಸ್ಸು ತನ್ನಷ್ಟಕ್ಕೆ ತಾನು. ಅದಕ್ಕೇ ನಿದ್ದೆಯಲ್ಲಿ ಆದ ಎಷ್ಟೋ ಅಪಘಾತಗಳಲ್ಲಿ ರಸ್ತೆ ಮೇಲೆ ಬ್ರೇಕಿನ ಗುರುತೇ ಇರುವುದಿಲ್ಲ. ಕುಡಿದವನು ತಡವಾಗಿಯಾದರೂ ಬ್ರೇಕ್ ಒತ್ತುತ್ತಾನೆ. ನಿದ್ದೆ ಹೋದವನು ಒತ್ತುವುದೇ ಇಲ್ಲ.

ಕುಡಿತದ ಮಾತು ಬಂತಲ್ಲ, ಒಂದು ಲೆಕ್ಕ ಹೇಳುತ್ತೇನೆ. ಸತತ 17 ಗಂಟೆ ಎಚ್ಚರವಿದ್ದವನ ಚುರುಕುತನ 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇರುವವನ ಮಟ್ಟಕ್ಕೆ ಇಳಿಯುತ್ತದೆ ಎಂದು ಪರೀಕ್ಷೆ ಮಾಡಿ ನೋಡಿದ್ದಾರೆ. ನಮ್ಮ ದೇಶದ ಕಾನೂನಿನಲ್ಲಿ 30 ಮಿಲಿಗ್ರಾಂ ದಾಟಿದರೇ ಕೇಸು. ಈಗ ನಿನ್ನ ದಿನ ನೋಡು. ಬೆಳಗ್ಗೆ ಆರೂವರೆಗೆ ಎದ್ದೆ, ಮನೆ ಕೆಲಸ, ಬ್ಯಾಂಕು, ಪೇಟೆ ಅಂತ ಓಡಾಡಿದೆ, ರಾತ್ರಿ ಹತ್ತಕ್ಕೆ ಬೆಂಗಳೂರಿನಿಂದ ಬಸ್ಸು ಬಿಟ್ಟೆ. ತುಮಕೂರು ದಾಟುವ ಹೊತ್ತಿಗೇ 17 ಗಂಟೆ ಮುಗಿಯಿತು. ಇನ್ನೂ ಶಿರಾ ಬಂದಿಲ್ಲ, ಬೆಳಗಾವಿ ಎಲ್ಲಿದೆ! ನೀನು ಒಂದು ತೊಟ್ಟೂ ಕುಡಿಯುವವನಲ್ಲ, ನನಗೆ ಗೊತ್ತು. ಪೊಲೀಸರು ಊದಿಸಿದರೆ ಸೊನ್ನೆ ಬರುತ್ತದೆ. ನಿದ್ದೆಗೆಟ್ಟದ್ದನ್ನು ಹಿಡಿಯುವ ಮೆಷಿನ್ ಅವರ ಕೈಯಲ್ಲಿಲ್ಲ, ಅದನ್ನು ಹಿಡಿಯಬೇಕಾದವನು ನೀನೊಬ್ಬನೇ.

ಆದ್ದರಿಂದ ನಿನ್ನ ಡ್ಯೂಟಿ ರಾತ್ರಿ ಹತ್ತಕ್ಕೆ ಶುರುವಾಗುವುದಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಊಟ ಮಾಡಿ ಮಲಗಬೇಕಲ್ಲ, ಅಲ್ಲಿಂದ ಶುರು. ಆ ನಿದ್ದೆ ನಿನ್ನ ಸುಖ ಅಲ್ಲ, ಅದು ಕೆಲಸದ ಮೊದಲ ಭಾಗ. ಇದು ಹೇಳುವುದು ಸುಲಭ, ಮಾಡುವುದು ಬಹಳ ಕಷ್ಟ. ನಮ್ಮ ಊರಲ್ಲಿ ಹಗಲು ಮಲಗಿದವನನ್ನು ಸೋಮಾರಿ ಅನ್ನುತ್ತಾರೆ. ನಾನು ಮಲಗಿದ್ದಾಗ ಯಾರೋ ಬಂದು "ಏನು, ಇನ್ನೂ ಎದ್ದಿಲ್ವಾ" ಅಂದರೆ ಅವಮಾನವಾಗಿ ಎದ್ದು ಕೂರುತ್ತಿದ್ದೆ. ಮದುವೆಗೆ ಕರೆದರೆ ಹೋಗದೆ ಇರಲು ಆಗುತ್ತಿರಲಿಲ್ಲ. ಹಬ್ಬದ ದಿನವಂತೂ ಕೇಳಲೇಬೇಡ, ಅದೇ ದಿನ ಬಸ್ಸೂ ಫುಲ್, ಎಕ್ಸ್‌ಟ್ರಾ ಟ್ರಿಪ್ಪೂ ಜಾಸ್ತಿ. ಹಗಲು ನಿದ್ದೆ ಮೊದಲೇ ತೆಳು, ಬಿಸಿಲು, ಬೆಳಕು, ಕುಕ್ಕರ್ ಸೀಟಿ, ಫೋನು, ಎಂಟು ಗಂಟೆ ಮಲಗಿದೆ ಅಂದುಕೊಂಡರೆ ಐದೂ ದಕ್ಕಿರುವುದಿಲ್ಲ. ಮನೆಯವರನ್ನು ಕೂರಿಸಿ ಒಂದು ಸಲ ಬಿಡಿಸಿ ಹೇಳು. ನಿನ್ನ ಹೆಂಡತಿ ಅರ್ಥ ಮಾಡಿಕೊಳ್ಳುತ್ತಾಳೆ, ನಿನ್ನ ಅಮ್ಮನಿಗೆ ಹೇಳುವ ಕೆಲಸ ನನಗೆ ಬಿಡು.

ಬೆಳಗಾವಿ ಕಡೆ ಇನ್ನೂ ಕಷ್ಟ. ಬೆಳಗ್ಗೆ ಏಳಕ್ಕೆ ಜನ ಇಳಿಯುತ್ತಾರೆ, ಬಸ್ಸು ತೊಳೆಸಬೇಕು, ಡೀಸೆಲ್ ಹಾಕಿಸಬೇಕು, ಪಾರ್ಸೆಲ್ ಇಳಿಸಬೇಕು, ಅಷ್ಟರಲ್ಲಿ ಹತ್ತು. ಮಲಗಲು ಒಂದು ರೂಮಿನಲ್ಲಿ ಆರೇಳು ಜನ, ಇಲ್ಲದಿದ್ದರೆ ಬಿಸಿಲಲ್ಲಿ ನಿಂತ ಬಸ್ಸಿನ ಬರ್ತು, ಅದೂ ಇಲ್ಲದಿದ್ದರೆ ಬಸ್ಸಿನಲ್ಲಿ ಸಾಮಾನು ಇಡುವ ಡಿಕ್ಕಿ. ಡಿಕ್ಕಿಯಲ್ಲಿ ಮಲಗಿ ಎದ್ದವನ ಕೈಗೆ ಮೂವತ್ತು ಜೀವ ಕೊಡುತ್ತಾರೆ. ಸೇರುವ ಮೊದಲೇ ಕೇಳು: ಆ ಕಡೆ ರೂಮಿದೆಯಾ, ಎಷ್ಟು ಜನಕ್ಕೆ, ಫ್ಯಾನಿದೆಯಾ? ಸಂಬಳ ಕೇಳಿದಷ್ಟೇ ಗಟ್ಟಿಯಾಗಿ ಕೇಳು.

ಇದೇನೂ ಹೊಸ ಬೇಡಿಕೆ ಅಲ್ಲ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಯಲ್ಲೇ ಬರೆದಿದ್ದರು: ದಿನಕ್ಕೆ 8 ಗಂಟೆ ಕೆಲಸ, ದೂರದ ರೂಟಿಗೆ ಅನುಮತಿ ಪಡೆದರೂ 10 ಗಂಟೆ ಮೀರುವ ಹಾಗಿಲ್ಲ, 5 ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ, ಒಂದು ಡ್ಯೂಟಿ ಮುಗಿದು ಇನ್ನೊಂದು ಹಿಡಿಯುವುದರೊಳಗೆ ಸತತ 9 ಗಂಟೆ ಬಿಡುವು. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಲೇಬೇಕು, ಗಾಡಿಯಲ್ಲಿರುವ ಟ್ಯಾಕೋಗ್ರಾಫ್ ಎಂಬ ಯಂತ್ರ ಅದನ್ನೆಲ್ಲ ಬರೆದಿಡುತ್ತದೆ. ನಮ್ಮ ಬಸ್ಸಿನಲ್ಲೂ ಜಿಪಿಎಸ್ ಇದೆ. ಆದರೆ ನನಗೆ ಆಫೀಸಿನಿಂದ ಫೋನ್ ಬರುತ್ತಿದ್ದದ್ದು ಬಸ್ಸು ಯಾಕೆ ನಿಂತಿದೆ ಅಂತ. ಆರು ಗಂಟೆಯಿಂದ ಯಾಕೆ ನಿಂತಿಲ್ಲ ಅಂತ ಒಂದು ದಿನವೂ ಕೇಳಲಿಲ್ಲ. ಅದು ನನಗೆ ಈಗಲೂ ಸಿಟ್ಟು ಬರಿಸುತ್ತದೆ.

ಊಟದ ವಿಷಯ. ಢಾಬಾದವರು ಡ್ರೈವರಿಗೆ ಬಿಟ್ಟಿ ಊಟ ಹಾಕುತ್ತಾರೆ, ಜನ ಕರೆತಂದದ್ದಕ್ಕೆ. ಪ್ರೀತಿಯಿಂದ ಬಿರಿಯಾನಿ, ಮೇಲೆ ಮೊಸರನ್ನ. ರಾತ್ರಿ ಹನ್ನೊಂದೂವರೆಗೆ ಅದನ್ನು ಹೊಡೆದರೆ ಎರಡು ಗಂಟೆಗೆ ರೆಪ್ಪೆ ಎತ್ತಲು ಆಗುವುದಿಲ್ಲ. ಎರಡು ಚಪಾತಿ ತಿಂದು ಏಳು. ಎಲೆಅಡಿಕೆ, ಗುಟ್ಕಾ, ಹಸಿ ಮೆಣಸಿನಕಾಯಿ, ಮುಖಕ್ಕೆ ನೀರು, ಕಿಟಕಿ ತೆಗೆದು ಗಾಳಿ, ಎಲ್ಲವನ್ನೂ ನಾನು ಮಾಡಿದ್ದೇನೆ. ಸ್ವಲ್ಪ ಹೊತ್ತು ಚುರುಕಾದ ಹಾಗೆ ಅನ್ನಿಸುತ್ತದೆ, ಆಮೇಲೆ ಮತ್ತೆ ಅದೇ. ಅವುಗಳ ದೊಡ್ಡ ಅಪಾಯ ಅಂದರೆ ಇನ್ನೊಂದು ಐವತ್ತು ಕಿಲೋಮೀಟರ್ ಎಳೆಯಬಹುದು ಅನ್ನುವ ಸುಳ್ಳು ಧೈರ್ಯ.

ಘಾಟಿಯಲ್ಲಿ ಹುಷಾರು ಅಂತ ಎಲ್ಲರೂ ಹೇಳುತ್ತಾರೆ. ನಾನು ಕೆಲವು ತಿಂಗಳು ಮಂಗಳೂರು ರೂಟಿನಲ್ಲೂ ಇದ್ದೆ, ಶಿರಾಡಿ ಘಾಟಿಯಲ್ಲಿ ನನಗೆ ಒಮ್ಮೆಯೂ ನಿದ್ದೆ ಬಂದಿಲ್ಲ. ತಿರುವು, ಮಂಜು, ಎದುರಿನ ಟ್ಯಾಂಕರು, ಕೈಗೂ ಕಣ್ಣಿಗೂ ಕೆಲಸ. ನಿದ್ದೆ ಬರುವುದು ಶಿರಾದಿಂದ ಆಚೆ ನೇರ ಎಳೆದ ಹೆದ್ದಾರಿಯಲ್ಲಿ. ಒಳ್ಳೆಯ ರಸ್ತೆ, ಏಸಿ, ಎಂಜಿನ್ನಿನ ಒಂದೇ ಸದ್ದು, ಬಿಳಿ ಗೆರೆ, ಬಿಳಿ ಗೆರೆ. ರಾತ್ರಿ ಎರಡರಿಂದ ಐದು ಮೈಯೇ ಮಲಗು ಅನ್ನುವ ಹೊತ್ತು. ನೀನು ಆಗ ಚಿತ್ರದುರ್ಗ, ದಾವಣಗೆರೆ, ಹಾವೇರಿ ನಡುವೆ ಇರುತ್ತೀಯ. ಬೆಳಕು ಹರಿದ ಮೇಲೂ ನಂಬಬೇಡ, ಧಾರವಾಡ ದಾಟಿದೆವು, ಇನ್ನೇನು ಬಂತು ಅನ್ನುವಾಗಲೇ ಮೈ ಸಡಿಲ ಬಿಡುತ್ತದೆ.

ಜೊತೆಗೆ ಇನ್ನೊಬ್ಬ ಡ್ರೈವರ್ ಇದ್ದರೆ ಚಿತ್ರದುರ್ಗದ ಹತ್ತಿರ ಕೈ ಬದಲಿಸಿ. ಅವನು ಅಲ್ಲಿಯವರೆಗೆ ನಿಜವಾಗಿ ಮಲಗಿರಬೇಕು, ಮೊಬೈಲ್ ನೋಡುತ್ತ ಕೂತಿದ್ದರೆ ಇಬ್ಬರಿದ್ದೂ ಒಬ್ಬನೇ ಲೆಕ್ಕ. ಆ ಎರಡರಿಂದ ಐದರ ಪಾಳಿ ದಿನಾ ಒಬ್ಬನ ತಲೆಗೇ ಕಟ್ಟಬೇಡಿ.

ಹಿಂದಿನ ಒಂದೆರಡು ಕಿಲೋಮೀಟರ್ ನೆನಪಿಲ್ಲ ಅನ್ನಿಸಿತಾ, ಗೆರೆ ತುಳಿದೆಯಾ, ಮೇಲಿಂದ ಮೇಲೆ ಆಕಳಿಕೆಯಾ, ಅಲ್ಲಿಗೆ ಮುಗಿಯಿತು, ನಿಲ್ಲಿಸು. ಹೆದ್ದಾರಿ ಅಂಚಿನಲ್ಲಿ ಬೇಡ, ಹಿಂದಿನಿಂದ ಬರುವ ಲಾರಿಯವನೂ ನಿದ್ದೆಯಲ್ಲಿರಬಹುದು. ಬಂಕಿಗೋ ಬೆಳಕಿರುವ ಢಾಬಾಕ್ಕೋ ತಿರುಗಿಸು. ಒಂದು ಕಾಫಿ ಕುಡಿದು ತಕ್ಷಣ 20 ನಿಮಿಷ ಮಲಗು, ಕಾಫಿ ಕೆಲಸ ಶುರು ಮಾಡುವ ಹೊತ್ತಿಗೆ ಎದ್ದಿರುತ್ತೀಯ. ಎದ್ದ ಕೂಡಲೇ ಸ್ಟೀರಿಂಗ್ ಹಿಡಿಯಬೇಡ, ಹತ್ತು ನಿಮಿಷ ಬಸ್ಸಿನ ಸುತ್ತ ನಡೆ, ಟೈರ್ ನೋಡು. ಯಾರಾದರೂ ಎದ್ದು ಯಾಕೆ ನಿಲ್ಲಿಸಿದೆ ಅಂತ ಬೈದರೆ ಸುಮ್ನೆ ಟೈರ್ ಚೆಕ್ ಅಂತ ಸುಳ್ಳು ಹೇಳಬೇಡ. ಕಣ್ಣು ಎಳೆಯುತ್ತಿದೆ ಸಾರ್, ಸ್ವಲ್ಪ ಮಲಗಿ ಹೊರಡುತ್ತೇನೆ ಅಂತಲೇ ಹೇಳು. ನಾನು ಹಾಗೆ ಹೇಳಿದ ಎಷ್ಟೋ ಸಲ ಜನ ತೆಪ್ಪಗೆ ವಾಪಸ್ ಮಲಗಿದ್ದಾರೆ, ಒಬ್ಬರು ಟೀ ತಂದು ಕೊಟ್ಟಿದ್ದಾರೆ.

2023ರ ಜುಲೈ 1ರಂದು ಮಹಾರಾಷ್ಟ್ರದ ಬುಲ್ಢಾಣಾ ಹತ್ತಿರ ಸಮೃದ್ಧಿ ಹೆದ್ದಾರಿಯಲ್ಲಿ ರಾತ್ರಿ ಒಂದೂವರೆ ಹೊತ್ತಿಗೆ ಬಸ್ಸು ಎಡಮಗ್ಗುಲಿಗೆ ಉರುಳಿತು. ಬಾಗಿಲು ನೆಲಕ್ಕೆ ಸಿಕ್ಕಿಕೊಂಡಿತು, ಬೆಂಕಿ ಹತ್ತಿತು, 25 ಜನ ಹೋದರು. ಕಾರಣದ ಬಗ್ಗೆ ನಾನು ಮಾತಾಡುವುದಿಲ್ಲ. ಮಲಗಿದ್ದ ಜನಕ್ಕೆ ಬಾಗಿಲು ಎಲ್ಲಿದೆ, ಗಾಜು ಹೇಗೆ ಒಡೆಯಬೇಕು ಅಂತ ತಿಳಿಯುವಷ್ಟು ಹೊತ್ತೂ ಸಿಗುವುದಿಲ್ಲ ಅನ್ನುವುದಷ್ಟೇ ನನ್ನ ಮಾತು. ಹೊರಡುವ ಮುಂಚೆ ಸುತ್ತಿಗೆ ಜಾಗದಲ್ಲಿದೆಯಾ, ಎಮರ್ಜೆನ್ಸಿ ಬಾಗಿಲಿಗೆ ಪಾರ್ಸೆಲ್ ಅಡ್ಡ ಇಟ್ಟಿದ್ದಾರಾ ಅಂತ ನೀನೇ ಹೋಗಿ ನೋಡು. ಜನಕ್ಕೂ ಒಮ್ಮೆ ಕೂಗಿ ಹೇಳು.

ಇನ್ನೊಂದು, ನೀನು ಗೊರಕೆ ಹೊಡೆಯುತ್ತ ನಡುವೆ ಉಸಿರು ಕಟ್ಟಿ ದಡಕ್ಕನೆ ಏಳುತ್ತೀಯ, ಒಂದೇ ರೂಮಿನಲ್ಲಿದ್ದಾಗ ನೋಡಿದ್ದೇನೆ. ಅದು ಕಾಯಿಲೆ ಇರಬಹುದು. ಹಾಗಿದ್ದರೆ ಎಷ್ಟು ಮಲಗಿದರೂ ನಿದ್ದೆ ತೀರುವುದಿಲ್ಲ. ಕೆಲಸಕ್ಕೆ ಸೇರುವ ಮುಂಚೆ ಡಾಕ್ಟರಿಗೆ ತೋರಿಸು, ನಾನೂ ಜೊತೆಗೆ ಬರುತ್ತೇನೆ.

ಭಾನುವಾರ ಊರಿಗೆ ಬರುತ್ತಿದ್ದೇನೆ. ನಿನ್ನ ಮಲಗುವ ಕೋಣೆಯ ಕಿಟಕಿ ಪೂರ್ವಕ್ಕಿದೆಯೋ ಪಶ್ಚಿಮಕ್ಕೋ ಮರೆತಿದ್ದೇನೆ. ಉದ್ದ ಅಗಲ ಅಳೆದು ಕಳಿಸು, ಇಲ್ಲಿ ದಪ್ಪ ಕಪ್ಪು ಬಟ್ಟೆ ಸಿಗುತ್ತದೆ, ಪರದೆ ಹೊಲಿಸಿಕೊಂಡು ತರುತ್ತೇನೆ.

ನಿನ್ನ ಗೆಳೆಯ