ಮಂಡಕ್ಕಿ ಅತ್ತೆಯನ್ನು ಯಾವ ಲೆಕ್ಕಕ್ಕೆ ಸೇರಿಸೋಣ?

ದಾವಣಗೆರೆ

ಪ್ರೀತಿಯ ಗೆಳೆಯಾ,

ಮೊನ್ನೆ ಛತ್ರದಲ್ಲಿ ಊಟಕ್ಕೆ ಕೂತಾಗ ನೀನೊಂದು ಮಾತು ಹೇಳಿದೆ. "ಹೆಣ್ಮಕ್ಕಳನ್ನ ಜಾಸ್ತಿ ಓದಿಸಿದ್ರೆ ಹೀಗೇ ನೋಡು, ಡೈವೋರ್ಸ್ ಅಂತ ಕೋರ್ಟ್ ಮೆಟ್ಟಿಲು ಹತ್ತುತಾರೆ. ನಮ್ಮ ಕಾಲದಲ್ಲಿ ಎಲ್ಲಿತ್ತು ಇದೆಲ್ಲ?" ನನ್ನ ಮಗಳ ಡೈವೋರ್ಸ್ ವಿಷಯ ನಿನಗೆ ಆಗ ನೆನಪಿರಲಿಲ್ಲ ಅಂದ್ಕೊಂಡೆ. ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಸುಮ್ನಾದೆ. ಮನೆಗೆ ಬಂದು ಹೇಳಿದಾಗ ಮಗಳೇ ಅಂದಳು, "ಬರೀರಿ ಅಪ್ಪಾಜಿ, ಎಲ್ಲರೂ ಓದೋ ಹಾಗೆ ಬರೀರಿ" ಅಂತ.

ನಮ್ಮ ಸೋದರತ್ತೆ ನಿನಗೆ ಗೊತ್ತಲ್ಲ. ಶಾಲೆ ಬಿಟ್ಟು ಬರುವಾಗ ನಮ್ಮಿಬ್ಬರ ಜೇಬಿಗೂ ಬಿಸಿ ಮಂಡಕ್ಕಿ ತುಂಬುತ್ತಿದ್ದಳು. ಮದುವೆಯಾದ ಎರಡನೇ ವರ್ಷಕ್ಕೇ ತವರಿಗೆ ಬಂದವಳು ತಿರುಗಿ ಹೋಗಲಿಲ್ಲ. ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಬದುಕಿದಳು. ಗಂಡ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ. ಕೋರ್ಟಿಲ್ಲ, ಕಾಗದವಿಲ್ಲ. 2011ರಲ್ಲಿ ಜನಗಣತಿಯವರು ಬಂದಾಗ ಅಪ್ಪ ಅವಳ ಹೆಸರಿನ ಮುಂದೆ "ಮದುವೆಯಾಗಿದೆ" ಅಂತ ಬರೆಸಿದರು. ಮನೆ ಮರ್ಯಾದೆ ನೋಡು.

ಆ ಗಣತಿಯ ಪ್ರಕಾರ ದೇಶದಲ್ಲಿ ಡೈವೋರ್ಸ್ ಆದವರು ಸುಮಾರು 13.6 ಲಕ್ಷ. ಡೈವೋರ್ಸ್ ಇಲ್ಲದೆ ಸುಮ್ನೆ ಬೇರೆ ಇದ್ದವರು ಸುಮಾರು 35 ಲಕ್ಷ. ನಮ್ಮ ಅತ್ತೆ ಈ ಎರಡರಲ್ಲೂ ಇಲ್ಲ. ಅಂಥವರು ಇನ್ನೆಷ್ಟು ಮನೆಯಲ್ಲಿದ್ದರೋ! ಹಾಗಾಗಿ "ಆಗ ಇರಲಿಲ್ಲ" ಅನ್ನುವ ಮಾತೇ ನನಗೆ ಅನುಮಾನ.

ಇನ್ನೂ ಹಿಂದಕ್ಕೆ ಹೋಗು. ನಮ್ಮ ಕಡೆಯ ಎಷ್ಟೋ ಜಾತಿಗಳಲ್ಲಿ ಉಡಿಕೆ ಇತ್ತು. ಪಂಚರು ಕೂತು ಗಂಡ ಹೆಂಡಿರನ್ನು ಬಿಡಿಸುತ್ತಿದ್ದರು, ಹೆಣ್ಣು ಇನ್ನೊಬ್ಬನಿಂದ ಸೀರೆ ಉಟ್ಟು ಹೊಸ ಮನೆ ಸೇರುತ್ತಿದ್ದಳು. 1955ರ ಹಿಂದೂ ವಿವಾಹ ಕಾಯ್ದೆ ಕೂಡ 29ನೇ ಕಲಂನಲ್ಲಿ ಇಂಥ ರೂಢಿಯ ಬಿಡುಗಡೆಗಳನ್ನು ಹಾಗೇ ಉಳಿಸಿದೆ. ಮತ್ತೆ ಅತ್ತೆಗೆ ಯಾಕೆ ಉಡಿಕೆ ಆಗಲಿಲ್ಲ? ಅಷ್ಟೊತ್ತಿಗೆ ನಮ್ಮಜ್ಜ ನಾಲ್ಕು ಕಾಸು ಕಂಡು, "ನಮ್ಮಲ್ಲಿ ಅದೆಲ್ಲ ಇಲ್ಲ" ಅನ್ನಲು ಶುರು ಮಾಡಿದ್ದ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಇದನ್ನೇ ಸಂಸ್ಕೃತೀಕರಣ ಅಂದರು. ಮೇಲಿನ ಜಾತಿಯವರ ಹಾಗೆ ಕಾಣಬೇಕು ಅಂತ ಹೊರಟವರು ಅವರ ನಡೆನುಡಿ ಕಲಿಯುತ್ತಾರೆ, ಅದರ ಬಿಗಿ ಮೊದಲು ಬೀಳುವುದು ಹೆಂಗಸರ ಮೇಲೆ. ನೀನು ಹಳೇ ಸಂಪ್ರದಾಯ ಅಂತ ಹೇಳುವುದು ನಮ್ಮಜ್ಜ ತಂದಿದ್ದು ಮಾರಾಯ!

ಬಾಗಿಲು ತೆರೆದರೆ ಎಷ್ಟು ಜನ ಹೊರಗೆ ಬರುತ್ತಾರೆ ಅನ್ನುವುದಕ್ಕೆ ಇಂಗ್ಲೆಂಡ್ ನೋಡು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1970ರಲ್ಲಿ ಸುಮಾರು 58 ಸಾವಿರ ಡೈವೋರ್ಸ್. 1971ರಲ್ಲಿ ಸಡಿಲವಾದ ಹೊಸ ಕಾನೂನು ಬಂತು. 1972ರಲ್ಲಿ 1.19 ಲಕ್ಷ! ಎರಡೇ ವರ್ಷದಲ್ಲಿ ಅಲ್ಲಿನ ಗಂಡಂದಿರೆಲ್ಲ ಕೆಟ್ಟುಹೋದರಾ? 1993ರಲ್ಲಿ 1.65 ಲಕ್ಷ ಮುಟ್ಟಿ, ಆಮೇಲೆ ಇಳಿಯಿತು. ಸಂಸಾರಗಳು ಸುಧಾರಿಸಿದವು ಅಂತ ಹೇಳಲಾಗದು, ಮದುವೆಯಾಗುವವರೇ ಕಡಿಮೆಯಾಗಿದ್ದರು.

ಓದಿನ ಮಾತಿನಲ್ಲಿ ನೀನು ಅರ್ಧ ಸರಿ. ದುಡಿಯುವ ಹೆಣ್ಣಿಗೆ ಹೊರಗೆ ಬಂದರೆ ಊಟದ ಚಿಂತೆ ಇರಲ್ಲ. ಆದರೆ ಅತ್ತೆ ಓದಿರಲಿಲ್ಲ, ಅವಳೂ ಹೊರಗೆ ಬಂದಳು. ಓದಿದ ನನ್ನ ಮಗಳಿಗೆ ಕೈಯಲ್ಲಿ ಒಂದು ಕಾಗದ ಸಿಕ್ಕಿತು, ಅಷ್ಟೇ ವ್ಯತ್ಯಾಸ. ಇನ್ನೊಂದು, ಈಗಿನವರು ಗಂಡನಲ್ಲಿ ಸ್ನೇಹಿತನನ್ನೂ ಹುಡುಕುತ್ತಾರೆ. ನಿನ್ನ ಹೆಂಡತಿ, ನನ್ನ ಹೆಂಡತಿ ನಮ್ಮಿಂದ ಅದನ್ನು ಕೇಳಲೇ ಇಲ್ಲ. ಕೇಳಿದ್ದರೆ ನಮ್ಮ ಗತಿ ಏನಾಗುತ್ತಿತ್ತೋ.

ಮಗಳ ಕೇಸು ಮುಗಿದ ಸಂಜೆ ಅತ್ತೆ ಕೇಳಿದಳು, "ಕೋರ್ಟಿನೋರು ಎಷ್ಟು ದಿನ ತಗೊಂಡ್ರು?" ಇಬ್ಬರೂ ಒಪ್ಪಿದ್ದ ಕೇಸು, 1976ರಲ್ಲಿ ಕಾಯ್ದೆಗೆ ಸೇರಿದ ದಾರಿ ಅದು. ಒಂದು ವರ್ಷ ಬೇರೆ ಇದ್ದು, ಅರ್ಜಿ ಹಾಕಿ, ಆರು ತಿಂಗಳು ಕಾದೆವು ಅಂದೆ.

"ಆರೇ ತಿಂಗಳಾ?" ಅಂದಳು.

ದುರ್ಗದಿಂದ ಬರುವಾಗ ಮನೆಗೆ ಬಾ. ನಿನ್ನನ್ನು ಕೇಳುತ್ತಿರುತ್ತಾಳೆ. ಛತ್ರದ ಮಾತನ್ನು ಅವಳ ಎದುರಿಗೊಮ್ಮೆ ಹೇಳು, ನಾನು ಪಕ್ಕದಲ್ಲೇ ಕೂತಿರುತ್ತೇನೆ.

ನಿನ್ನವ