ಸಾಲ ಅಂದ್ರೆ ಬರೀ ಸಾಲ ಅಲ್ಲ

ಸಂಪಾದಕರಿಗೆ ನಮಸ್ಕಾರ,

ನಾನು ಸಕಲೇಶಪುರ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದ್ರೆ ಲೆಕ್ಕ ಬರೆಯೋ ಕೆಲಸ ಮಾಡೋನು. ಈ ಸಲ ರೋಬಸ್ಟಾ ಕುಯ್ಲಿನ ಟೈಮಲ್ಲಿ ನಮ್ಮ ಲೈನ್ ಮನೇಲಿ, ಅಂದ್ರೆ ಕೂಲಿಯವರು ಇರೋ ಸಾಲುಮನೇಲಿ ಆಗಿದ್ದನ್ನ ಬರೀಬೇಕು ಅಂತ ಅವತ್ತಿಂದ ಮನಸ್ಸಲ್ಲಿತ್ತು. ಜಾರ್ಖಂಡ್ ಕಡೆಯ ಒಬ್ಬ ಹುಡುಗ, ಒಳ್ಳೆ ಕೆಲಸಗಾರ, ಮೇಸ್ತ್ರಿ ಹತ್ರ 'ದೋ ಸಾಲ್ ಸೆ ಘರ್ ನಹೀ ಗಯಾ' ಅಂದಿದಾನೆ. ಎರಡು ವರ್ಷದಿಂದ ಮನೆಗೆ ಹೋಗಿಲ್ಲ ಅಂತ ಅವನು ಹೇಳಿದ್ದು. ನಮ್ಮ ಮೇಸ್ತ್ರಿಗೆ ಹಿಂದಿ ಅಷ್ಟಕ್ಕಷ್ಟೆ, ಘರ್ ಗೊತ್ತು, ನಹೀ ಗೊತ್ತು, ಸಾಲ್ ಅನ್ನೋದು ಮಾತ್ರ ನಮ್ಮ ಸಾಲ ಆಗಿ ಕಿವಿಗೆ ಬಿತ್ತು, ಎರಡು ಕಡೆ ಸಾಲ ಮಾಡ್ಕೊಂಡು ಊರಿಗೆ ಮುಖ ತೋರ್ಸಕ್ಕಾಗದೆ ಇಲ್ಲಿ ಬಂದು ಕೂತಿದಾನೆ ಅಂತ ತಿಳ್ಕೊಂಡು ನಾಲ್ಕು ಜನಕ್ಕೆ ಹೇಳೂಬಿಟ್ರು. ವಾರದೊಳಗೆ ಅಂಗಡಿಯವರು ಅವನಿಗೆ ಅಕ್ಕಿ, ಎಣ್ಣೆ ಲೆಕ್ಕಕ್ಕೆ ಬರ್ಕೊಂಡು ಕೊಡೋದು ನಿಲ್ಲಿಸಿದ್ರು. ಖಾಲಿ ಚೀಲ ಹಿಡ್ಕೊಂಡು ಆಫೀಸ್ ಬಾಗಿಲಲ್ಲಿ ಬಂದು ನಿಂತ, ಕಣ್ಣಲ್ಲಿ ನೀರು. ವಿಚಾರಿಸ್ತಾ ಹೋದ್ರೆ ಬುಡದಲ್ಲಿ ಇದ್ದಿದ್ದು ಈ ಒಂದು ಪದ. ಮೇಸ್ತ್ರಿದು ಕೆಟ್ಟ ಬುದ್ಧಿ ಅಲ್ಲ, ಅವರೇ ಅಂಗಡಿಗೆ ಹೋಗಿ ಸರಿಮಾಡ್ಕೊಟ್ರು.

ಆಮೇಲೆ ನಾನು ಈ ಪದದ ಹಿಂದೆ ಬಿದ್ದೆ ಸಾರ್. ನಾವು ತೀರಿಸೋ ಸಾಲ ನಮ್ಮ ಕಡೆದೇ ಮಾತು, ತುಳುವಿನಲ್ಲೂ ಸಾಲ ಅಂದ್ರೆ ಸಾಲಾನೇ. ಆ ಹುಡುಗನ ಸಾಲ್, ಅಂದ್ರೆ ವರ್ಷ, ಪಾರಸಿಯಿಂದ ಹಿಂದಿಗೆ ಬಂದಿದ್ದು. ನೇಗಿಲ ಸಾಲು, ಮರದ ಸಾಲು ಅಂತೀವಲ್ಲ ಅದು ನಮ್ಮದು, ತಮಿಳಲ್ಲೂ ಉತ್ತ ಗೆರೆಗೆ ಸಾಲ್ ಅಂತಾರೆ. ಆದ್ರೆ ನಿಮ್ಮ ಪೇಪರಲ್ಲಿ '2024-25ನೇ ಸಾಲಿನ ಬಜೆಟ್' ಅಂತ ಬರುತ್ತಲ್ಲ, ಆ ಸಾಲು ಮರದ ಸಾಲಲ್ಲ, ಅದೂ ಅದೇ ಪಾರಸಿಯ ಸಾಲ್, ದಫ್ತರದ ಭಾಷೆ ಜೊತೆ ಬಂದು ಕೊನೇಲಿ ನಮ್ಮ ಉಕಾರ ಹಚ್ಕೊಂಡು ಮನೆಯವರ ಥರಾನೇ ಆಗೋಗಿದೆ. ಅಂದ್ರೆ ಮೇಸ್ತ್ರಿಗೆ ಗೊತ್ತಿಲ್ಲದ ಪದ ಏನಲ್ಲ, ಅವರ ಮಗನ ಸ್ಕಾಲರ್‌ಶಿಪ್ ಅರ್ಜಿ ಮೇಲೇನೇ ಇತ್ತು! ಹುಬ್ಬಳ್ಳಿ ಕಡೆ ಮಕ್ಕಳು ಸಾಲಿಗೆ ಹೋಗ್ತಾರೆ, ಅದು ಶಾಲೆ. ಹಿಂದಿಯೋರು ಬೈಯೋ ಸಾಲಾ ಸಂಸ್ಕೃತದ ಶ್ಯಾಲ, ಹೆಂಡತಿ ತಮ್ಮ ಅಂತ ಅದರ ಅರ್ಥ.

ಕುಯ್ಲು ಮುಗಿಯೋ ಹೊತ್ತಿಗೆ ಒಂದು ಭಾನುವಾರ ಅವನನ್ನೂ ಅವನ ಜೊತೆಯವರನ್ನೂ ಬೇಲೂರಿಗೆ ಕರ್ಕೊಂಡು ಹೋಗಿದ್ದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿ, ಕಂಬದ ಮೇಲ್ಗಡೆ ಮದನಿಕೆಯರನ್ನ ತೋರಿಸ್ತಾ ಗೈಡ್ 'ಸಾಲಭಂಜಿಕೆ' ಅಂದ್ರು. ಹುಡುಗ ತಟ್ಟನೆ ನನ್ನ ಕಡೆ ತಿರುಗಿ 'ಸಾಲ್? ಸಾಲ್ ಕಾ ಪೇಡ್?' ಅಂದ. ಅವನು ಕೇಳಿದ್ದು ನೂರಕ್ಕೆ ನೂರು ಸರಿ. ಸಾಲ ಮರದ ಕೊಂಬೆ ಮುರಿಯೋಳು ಅಂತಾನೇ ಆ ಸಂಸ್ಕೃತ ಹೆಸರಿನ ಅರ್ಥ, ಆ ಮರ ಜಾರ್ಖಂಡ್‌ನ ರಾಜ್ಯ ಮರ, ಸರಹುಲ್ ಹಬ್ಬಕ್ಕೆ ಅವರು ಅದರ ಹೂವನ್ನೇ ಇಟ್ಟು ಪೂಜೆ ಮಾಡೋದು. ನಮ್ಮ ಮಲೆನಾಡ ಕಾಡಲ್ಲಿ ಆ ಮರ ಬೆಳೆಯಲ್ಲ. ತುಂಬಾ ಹೊತ್ತು ಕತ್ತೆತ್ತಿ ನೋಡ್ತಾನೇ ನಿಂತಿದ್ದ.

ನೋಡಿ, ಮೇಸ್ತ್ರಿನೂ ಕಿವಿ ನಂಬಿದ್ರು, ಹುಡುಗನೂ ಕಿವಿ ನಂಬಿದ. ಒಬ್ಬರದು ತಪ್ಪಾಯ್ತು, ಒಬ್ಬನದು ಸರಿ ಆಯ್ತು. ಅದಕ್ಕೇ ನವೆಂಬರ್ ಬಂದ್ರೆ ವಾಟ್ಸಾಪಲ್ಲಿ ಓಡಾಡೋ 'ಈ ಇಂಗ್ಲಿಷ್ ಪದ ನಮ್ಮಿಂದ ಹೋಗಿದ್ದು' ಅನ್ನೋ ಮೆಸೇಜುಗಳನ್ನ ನೋಡಿದ್ರೆ ನಂಗೆ ಬೇಜಾರಾಗುತ್ತೆ. ಹಳೇ ರೂಪ ಒಂದ್ಸಲ ನೋಡಬೇಕಲ್ವಾ? ನಮ್ಮ ಹಾಲು ಹಳಗನ್ನಡದಲ್ಲಿ ಪಾಲ್, ತಮಿಳಲ್ಲಿ ಇವತ್ತಿಗೂ ಪಾಲ್, ಹಾಗಿದ್ಮೇಲೆ ದೊಡ್ಡ ಕೋಣೆಗೆ ಹೇಳೋ ಇಂಗ್ಲಿಷಿನ ಹಾಲ್‌ಗೂ, ಹೇಗಿದೀಯ ಅಂತ ಕೇಳೋ ಹಿಂದಿಯ 'ಕ್ಯಾ ಹಾಲ್ ಹೈ'ಗೂ ನಮ್ಮ ಹಾಲಿಗೂ ಏನು ನಂಟು? ಹಳೇ ಪಕಾರ ಆಮೇಲೆ ಹಕಾರ ಆಗಿದ್ದಕ್ಕೆ ಸಾಕ್ಷಿ ಪಕ್ಕದಲ್ಲೇ ಇದೆ. ನಮ್ಮ ಬೇಲೂರು ತಾಲೂಕಿನ ಹಲ್ಮಿಡಿಯ ಹೆಸರೇ ಕ್ರಿ.ಶ. 450ರ ಸುಮಾರಿನ ಆ ಶಾಸನದಲ್ಲಿ ಪಕಾರದಿಂದ ಶುರುವಾಗುತ್ತೆ.

ಒಂದೇ ಮೂಲದ್ದಾಗಿ ಅರ್ಥ ಬೇರೆ ಆದವೂ ಇವೆ. ಅವಸರ ನಮಗೆ ಗಡಿಬಿಡಿ, ಹಿಂದಿಗೆ ಅವಕಾಶ, ತೆಲುಗಿಗೆ ಅಗತ್ಯ. ಹಿಂದಿಯಲ್ಲಿ ಶಿಕ್ಷಾ ಅಂದ್ರೆ ಓದು-ಕಲಿಕೆ, ನಮಗೆ ಶಿಕ್ಷೆ ಅಂದ್ರೆ ದಂಡನೆ, ಆದ್ರಿಂದ ಕೇಂದ್ರ ಸರ್ಕಾರದ ಶಾಲಾ ಯೋಜನೆ 'ಸಮಗ್ರ ಶಿಕ್ಷಾ' ಇಲ್ಲಿ 'ಸಮಗ್ರ ಶಿಕ್ಷಣ' ಆಗಿದ್ದು ಬಹಳ ಒಳ್ಳೇದಾಯ್ತು.

ನನ್ನದೊಂದು ವಿನಂತಿ. ತೋಟಗಳಲ್ಲಿ ಈಗ ನಾಲ್ಕೈದು ಭಾಷೆ ಒಟ್ಟಿಗೆ ಕೆಲಸ ಮಾಡ್ತಿವೆ, ನಿಮ್ಮ ಜಿಲ್ಲಾ ಪುಟದಲ್ಲಿ ವಾರಕ್ಕೊಂದು ಸಲ ಇಂಥ ಒಂದೊಂದೇ ಪದ ಹಿಡ್ಕೊಂಡು ತಿಳಿದವರ ಕೈಲಿ ಬರೆಸಿ, ಜಾಗ ಅಂಗೈಯಗಲ ಇದ್ರೂ ಸಾಕು, ಕಟ್ ಮಾಡಿ ಲೈನ್ ಮನೆ ಗೋಡೆಗೆ ನಾನೇ ಅಂಟಿಸ್ತೀನಿ. ಮೊದಲ ವಾರ 'ಸಾಲು' ಇರಲಿ.

ಇಂತಿ,
ಒಬ್ಬ ತೋಟದ ರೈಟರ್
ಸಕಲೇಶಪುರ ತಾಲೂಕು, ಹಾಸನ ಜಿಲ್ಲೆ